ಕ್ಯಾಂಪ್ ಶುರು ಮಾಡೋ ಮುಂಚೆ ಇದನ್ನ ಪೂರ್ತಿ ಓದು ಮಗಾ

ಮಗಾ,

ಈ ಸಲ ಲಡಾಖ್‌ನ ಪ್ಯಾಂಗಾಂಗ್ ಕೆರೆ ಕಡೆ ಚಳಿ ವಿಪರೀತ ಇತ್ತು, ಆದ್ರೂ ನಿನ್ನ ಟೆಂಟ್ ಕ್ಯಾಂಪ್‌ಗೆ ಮೇ ಮೊದ್ಲನೇ ವಾರಕ್ಕೇ ಗೆಸ್ಟ್ ಬುಕ್ಕಿಂಗ್ ತಗೊಂಡಿದೀವಿ ಅಂತ ನೀನು ಹೇಳ್ದಾಗಿಂದ ನಂಗೆ ಅದೇ ಯೋಚ್ನೆ ಆಗ್ಬಿಟ್ಟೈತೆ. ಫೋನಲ್ಲಿ ಅರ್ಧ ಕೇಳಿ ಅರ್ಧ ಬಿಡ್ತೀಯ, ಅದಕ್ಕೆ ಬರೀತಿದೀನಿ. ಆ ಬುಕ್ಕಿಂಗ್ ಹದಿನೈದು ದಿನ ಮುಂದಕ್ಕೆ ಹಾಕಪ್ಪ. ಚಳಿಗಾಲ ಮಾಡಿದ ಲುಕ್ಸಾನು ಐಸ್ ಇರೋವರ್ಗೂ ಕಾಣಲ್ಲ, ಕರಗಿ ನೀರು ಓಡಾಕೆ ಶುರುವಾದ್ಮೇಲೇ ಒಂದೊಂದಾಗಿ ಹೊರಗೆ ಬೀಳ್ತೈತೆ, ನಾನು ಮಿಲಿಟರಿನಾಗೆ ಲೇಹ್ ಕಡೆ ಇದ್ದಾಗ ಪ್ರತಿ ವರ್ಷ ನೋಡಿದ್ದು ಇದನ್ನೇ.

ಪೈಪ್ ವಿಷಯಾನೇ ತಗೋ. ನೀರು ಹೆಪ್ಪುಗಟ್ಟಿದ್ರೆ ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತೆ, ಎಲ್ಬೋ, ವಾಲ್ವು, ನಲ್ಲಿ ಬುಡ ಇಲ್ಲೇ ಸೀಳೋದು. ಬರೀ ಕಣ್ಣಿಗೆ ಕಾಣಲ್ಲ, ಗ್ಲೌಸ್ ತೆಗೆದು ಉಗುರು ಆಡ್ಸು, ಉದ್ದಕ್ಕೆ ಕೂದಲೆಳೆಯಷ್ಟು ಗೀರು ಸಿಕ್ತೈತೆ, ಒಳಗಿನ ಐಸೇ ಅದನ್ನ ಮುಚ್ಚಿರ್ತೈತೆ. ಬೇಗ ಆಗ್ಲಿ ಅಂತ ಬ್ಲೋ ಲ್ಯಾಂಪ್ ಹಿಡೀಬ್ಯಾಡ, ಕರಿ ಪ್ಲಾಸ್ಟಿಕ್ ಪೈಪ್ ಕರಗಿ ಹೋಗ್ತೈತೆ, ಬಿಸಿಲಿಗೆ ಬಿಡು, ಜಾಸ್ತಿ ಅಂದ್ರೆ ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತು. ಕೊನೆ ನಲ್ಲಿ ತೆಗೆದಿಟ್ಟು ಮೇಲಿಂದ ನಿಧಾನಕ್ಕೆ ನೀರು ಬಿಡು. ನಮ್ಮ ದುರ್ಗದ ಕೋಟೇಲಿ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಹೊಂಡಗಳಿಗೆ ನೀರು ಇಳಿಯೋದು ನೋಡಿದೀಯಲ್ಲ, ಹಂಗೇ ಬುಗ್ಗೆಯಿಂದ ಹಿಡಿದು ಕೆಳಗಿನ ಟ್ಯಾಂಕ್‌ವರ್ಗೂ ನೀರಿನ ಜೊತೆ ನೀನೂ ನಡ್ಕೊಂಡು ಬಾ. ಕಣ್ಮುಂದೆ ಅಷ್ಟು ದೊಡ್ಡ ಕೆರೆ ಐತೆ, ಆದ್ರೆ ಅದು ಉಪ್ಪು ನೀರು, ಕುಡಿಯೋಕೆ ಬುಗ್ಗೆನೇ ಗತಿ.

ಟೆಂಟ್ ಹಾಕೋ ಜಾಗ ಬೆಳಿಗ್ಗೆ ಹೊತ್ತು ನೋಡಿ ಡಿಸೈಡ್ ಮಾಡ್ಬ್ಯಾಡ. ಬೆಳಿಗ್ಗೆ ನಾಲಾ, ಅಂದ್ರೆ ಬೆಟ್ಟದಿಂದ ಇಳಿಯೋ ಹಳ್ಳ, ಒಣಗಿದಂಗೆ ಕಾಣ್ತೈತೆ, ಬಿಸಿಲಿಗೆ ಹಿಮ ಕರಗಿ ಮಧ್ಯಾಹ್ನದ ಮೇಲೆ ನೀರು ಏರ್ತೈತೆ, ಸಾಯಂಕಾಲ ಹೋಗಿ ನಿಂತು ನೋಡು. 2010ರ ಆಗಸ್ಟ್ 5ರ ರಾತ್ರಿ ಲೇಹ್‌ನಾಗೆ ಮೇಘಸ್ಫೋಟ ಆಗಿ ಕಲ್ಲು ಮಣ್ಣು ಸಮೇತ ಬಂದ ಪ್ರವಾಹದಾಗೆ ಎಷ್ಟು ಜನ ಮಲಗಿದ್ದಲ್ಲೇ ಹೋದ್ರು. ವ್ಯೂ ಚೆನ್ನಾಗೈತೆ ಅಂತ ನಾಲಾ ಬಾಯಲ್ಲಿ ಒಂದೇ ಒಂದು ಟೆಂಟೂ ಬ್ಯಾಡ.

ಈಗ ಬುಖಾರಿ, ಅಂದ್ರೆ ಟೆಂಟ್ ಬೆಚ್ಚಗಿಡೋ ಚಿಮಣಿ ಒಲೆ. ಇದನ್ನ ಎರಡು ಸಲ ಓದು. ಚಿಮಣಿ ಪೈಪ್ ಪೂರ್ತಿ ಕಳಚಿ ಹೊರಗೆ ತಗೊಂಡು ಹೋಗಿ ಬಡಿ, ಒಳಗೆ ಮಸಿ ಗಟ್ಟಿಯಾಗಿ ಕೂತಿರ್ತೈತೆ, ತುಕ್ಕಿಗೆ ತೂತು ಬಿದ್ದಿರ್ತೈತೆ, ಹಕ್ಕಿ ಕಡ್ಡಿ ತುಂಬಿರ್ತೈತೆ. ಆಮೇಲೆ ಬಿಸಿಲಿಗೆ ಹಿಡಿದು ಒಂದು ತುದಿಯಿಂದ ನೋಡು, ಆ ಕಡೆ ಬೆಳಕು ಪೂರ್ತಿ ಕಾಣ್ಬೇಕು. ಹೊಗೆ ಕಟ್ಕೊಂಡ್ರೆ ಒಳಗೆ ಕಾರ್ಬನ್ ಮೊನಾಕ್ಸೈಡ್ ತುಂಬ್ತೈತೆ, ಅದಕ್ಕೆ ಬಣ್ಣ ಇಲ್ಲ ವಾಸ್ನೆ ಇಲ್ಲ. ತಲೆನೋವು ವಾಂತಿ ಬಂದ್ರೆ ಗೆಸ್ಟು ಇದು ಹೈಟ್‌ಗೆ ಆಗ್ತಿರೋದು ಅಂತ ಮುದುರ್ಕೊಂಡು ಮಲಗ್ಬಿಡ್ತಾರೆ, ನೀನೂ ಹಂಗೇ ಅಂದ್ಕೋತೀಯ, ನಂಗೆ ಭಯ ಇರೋದೇ ಅಲ್ಲಿ. ಯಾರಿಗೇ ತಲೆನೋವು ಅಂದ್ರೂ ಮೊದ್ಲು ಹೊರಗಿನ ಗಾಳಿಗೆ ಕರ್ಕೊಂಡು ಬಾ, ಆಮೇಲೆ ಮಾತ್ರೆ. ಇದ್ದಿಲ ಅಗ್ಗಿಷ್ಟಿಕೆ ಮಲಗೋ ಟೆಂಟ್ ಒಳಗೆ ಯಾರು ಕೇಳಿದ್ರೂ ಕೊಡ್ಬ್ಯಾಡ.

ಬ್ಯಾಟರಿ ವೋಲ್ಟ್ ಚೆಕ್ ಮಾಡು, ಚಾರ್ಜ್ ಇಳಿದ ಆ್ಯಸಿಡ್ ಬ್ಯಾಟರಿ ಹೆಪ್ಪುಗಟ್ಟಿ ಹೊಟ್ಟೆ ಉಬ್ಬಿದ್ರೆ ಅದನ್ನ ಚಾರ್ಜಿಗೆ ಹಾಕ್ಲೇಬ್ಯಾಡ. ಚಳಿಗೆ ಗ್ಯಾಸ್ ಬರ್ಲಿಲ್ಲ ಅಂತ ಸಿಲಿಂಡರ್ ಕೆಳಗೆ ಬೆಂಕಿ ಇಡೋರು ಇದಾರೆ, ಅಂಥ ಅಡುಗೆಯವ್ನನ್ನ ಅವತ್ತೇ ಮನೆಗೆ ಕಳ್ಸು. ಆ ಎತ್ತರದಾಗೆ ನೀರು 86 ಡಿಗ್ರಿ ಆಸುಪಾಸಿಗೇ ಕುದಿಯುತ್ತೆ, ಕುಕ್ಕರ್ ಗ್ಯಾಸ್ಕೆಟ್ ಎಕ್ಸ್‌ಟ್ರಾ ಇಟ್ಕೋ, ಇಲ್ಲಾಂದ್ರೆ ಬೇಳೆ ಬೇಯಲ್ಲ.

ಮತ್ತೆ ಹುಡುಗ್ರನ್ನ ದಾವಣಗೆರೆಯಿಂದ ಕರ್ಕೊಂಡು ಹೋಗ್ತಿದೀಯಂತಲ್ಲ, ಅವ್ರಿಗೆ ಬೆಟ್ಟ ಅಂದ್ರೆ ಜೋಗಿಮಟ್ಟಿ. ಲೇಹ್ 3,500 ಮೀಟರ್, ನಿನ್ನ ಕ್ಯಾಂಪ್ 4,250ರ ಹತ್ರ. ಲೇಹ್‌ನಲ್ಲಿ ಎರಡು ದಿನ ಸುಮ್ನೆ ಮಲಗ್ಸು, ಮೇಲೆ ಹೋದ ದಿನ ಗೂಟ ಹೊಡೆಯೋ ಕೆಲ್ಸ ಕೊಡ್ಬ್ಯಾಡ. ಎಲ್ಲಾ ಆದ್ಮೇಲೆ ಗೆಸ್ಟ್ ಬರೋಕೆ ಮುಂಚೆ ನೀವೇ ಒಂದೊಂದು ಟೆಂಟ್‌ನಾಗೆ ಒಂದು ರಾತ್ರಿ ಮಲಗಿ ನೋಡ್ರಿ.

ನಿಮ್ಮವ್ವ ಶೇಂಗಾ ಚಟ್ನಿಪುಡಿ, ರೊಟ್ಟಿ ಕಟ್ಟಿಡ್ತಿದಾಳೆ. ಬುಖಾರಿ ಇರೋ ಟೆಂಟ್ ಎಷ್ಟು ಅಂತ ಇವತ್ತೇ ವಾಟ್ಸಾಪ್ ಮಾಡು, ಅಷ್ಟಕ್ಕೂ ಕಾರ್ಬನ್ ಮೊನಾಕ್ಸೈಡ್ ಅಲಾರಂ ನಾನೇ ತರ್ಸಿ ಅದೇ ಪಾರ್ಸೆಲ್‌ಗೆ ಹಾಕ್ತೀನಿ, ದುಡ್ಡಿನ ಮಾತು ಎತ್ಬ್ಯಾಡ.

ನಿನ್ನ ದೊಡ್ಡಪ್ಪ
ಚಿತ್ರದುರ್ಗ