ತುಟಿಗೆ ಎರಡು ಹನಿ ತೀರ್ಥ ಸಾಕು

ಮಾನ್ಯ ಸಂಪಾದಕರೇ,

ತುಲಾ ಸಂಕ್ರಮಣ ಹತ್ತಿರವಾಗಿದೆ. ಭಾಗಮಂಡಲದ ಸಂಗಮದಲ್ಲಿ ಪಿಂಡ ಬಿಟ್ಟು, ತಲಕಾವೇರಿಗೆ ಹತ್ತಿ, ತಂದ ತೀರ್ಥವನ್ನು ದೇವರ ಮುಂದೆ ಜೋಪಾನವಾಗಿಡುವ ಮನೆಗಳು ಕೊಡಗಿನಲ್ಲಿ ಎಷ್ಟೋ ಇವೆ. ಯಾರಾದರೂ ಕೊನೆಯುಸಿರೆಳೆಯುವಾಗ ಬಾಯಿಗೆ ಬಿಡಲೆಂದು ಆ ತೀರ್ಥ. ಆದರೆ ಅದೇ ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರು ತಾವಾಗಿಯೇ ಸಾವಿನ ಮಾತೆತ್ತಿದರೆ ‘ಬಿಡ್ತು ಅನ್ನಿ’ ಎಂದು ಸುಮ್ಮನಾಗಿಸುತ್ತೇವೆ. ಅವರ ಅಂಜಿಕೆ ಆ ಕ್ಷಣದಿಂದ ಒಳಗೊಳಗೇ ಬೆಳೆಯುತ್ತದೆ. ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆಲ್ಲ ತಿಳಿಸುವ ನಾಡಿದು. ಇಲ್ಲಿ ಈ ಬಚ್ಚಿಡುವಿಕೆ ಯಾಕೆ ಬೇಕು?

ಸಾವಿನ ಭಯಕ್ಕೆ ಪತಂಜಲಿ ಇಟ್ಟ ಹೆಸರು ಅಭಿನಿವೇಶ. ಮನಸ್ಸನ್ನು ಕಾಡುವ ಐದು ಕ್ಲೇಶಗಳಲ್ಲಿ ಕೊನೆಯದು. ತಿಳಿದವರನ್ನೂ ಬಿಡದು ಎಂದು ಯೋಗಸೂತ್ರ ಸ್ಪಷ್ಟವಾಗಿ ಹೇಳುತ್ತದೆ. ಹಾಗಾಗಿ ಒಂದು ಪ್ರವಚನ ಕೇಳಿದರೆ ಹೋಗುವ ಭಯ ಇದಲ್ಲ. ಅಂತ್ಯಕಾಲದಲ್ಲಿ ದೇವರನ್ನು ನೆನೆದರಾಯಿತು ಎನ್ನುವವರು ಗೀತೆಯ 8ನೇ ಅಧ್ಯಾಯದ 5ನೇ ಶ್ಲೋಕ ಹೇಳಿ ನಿಲ್ಲಿಸಿಬಿಡುತ್ತಾರೆ. ಎರಡೇ ಶ್ಲೋಕ ಮುಂದೆ ಹೋದರೆ ‘ಎಲ್ಲ ಕಾಲದಲ್ಲೂ ನೆನೆ’ ಎಂದಿದೆ. ಗಟ್ಟಿಮುಟ್ಟಾಗಿರುವಾಗಲೇ ರೂಢಿ ಮಾಡಿಕೊಳ್ಳದ ನೆನಪು ಜೀವ ಹೋಗುವಾಗ ಎಲ್ಲಿಂದ ಬರಬೇಕು?

ರೂಢಿ ಮಾಡುವ ಬಗೆ ಬೌದ್ಧರ ಮರಣಸ್ಮೃತಿಯಲ್ಲಿ, ಅಂದರೆ ಸಾವನ್ನು ನೆನೆಯುವ ಧ್ಯಾನದಲ್ಲಿ, ಚೆನ್ನಾಗಿದೆ. ಸಂಜೆ ದೀಪ ಹಚ್ಚಿದ ಮೇಲೆ ಹತ್ತು ನಿಮಿಷ ಕುಳಿತರೆ ಸಾಕು, ಮೊದಲ ವಾರಗಳಲ್ಲಿ ಅದಕ್ಕಿಂತ ಹೆಚ್ಚು ಬೇಡ. ಎರಡು ಮೂರು ನಿಮಿಷ ಉಸಿರು ಹೊರಹೋಗುವುದನ್ನಷ್ಟೇ ಗಮನಿಸಬೇಕು. ಬಿಟ್ಟ ಉಸಿರಿಗೂ ಎಳೆಯುವ ಉಸಿರಿಗೂ ನಡುವೆ ಸಣ್ಣದೊಂದು ತೆರಪು ಇದೆ. ಅಲ್ಲಿ ‘ಮುಂದಿನದು ಬಾರದೆಯೂ ಇರಬಹುದು’ ಎಂದು ನೆನೆಯಬೇಕು. ಪಾಲಿ ಭಾಷೆಯ ಸುತ್ತವೊಂದರಲ್ಲಿ, ಅಂದರೆ ಬುದ್ಧನ ಉಪದೇಶವೊಂದರಲ್ಲಿ, ಒಂದು ಹಗಲಿರುಳು ಬದುಕುವಷ್ಟು ಕಾಲವಿದೆ ಎಂದುಕೊಂಡು ಸಾವನ್ನು ನೆನೆಯುವ ಭಿಕ್ಷುವನ್ನು ಬುದ್ಧ ಮೈಮರೆತವನೆಂದೇ ಎಣಿಸುತ್ತಾನೆ. ಒಂದು ತುತ್ತು ಅಗಿಯುವಷ್ಟು, ಒಂದು ಉಸಿರಿನಷ್ಟು ಎಂದವರನ್ನು ಮಾತ್ರ ಒಪ್ಪುತ್ತಾನೆ.

ಇಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಮನಸ್ಸು ಚಿತೆ, ಅಳುವ ಮಕ್ಕಳು ಎಂದು ಚಿತ್ರ ಕಟ್ಟತೊಡಗುತ್ತದೆ. ಅದು ಕಲ್ಪನೆ, ಭಯಕ್ಕೆ ಮೇವು. ಕಂಡೊಡನೆ ಉಸಿರಿಗೆ ಮರಳಬೇಕು. ಪ್ರೀತಿಪಾತ್ರರ ಸಾವು ನೆನೆದರೆ ದುಃಖ, ಆಗದವರದ್ದಾದರೆ ಒಳಗೊಂದು ಸಮಾಧಾನ, ತನ್ನದೇ ಆದರೆ ತಳಮಳ ಎಂದು ಹಳೆಯ ಆಚಾರ್ಯರು ಎಚ್ಚರಿಸಿದ್ದಾರೆ. ಒಂದು ಕಾಲಕ್ಕೆ ಬಾಳಿ ಬದುಕಿ ಹೋದವರಿಂದ ಆರಂಭಿಸಿ ಎಂಬುದು ಅವರ ಸಲಹೆ. ಐನ್‌ಮನೆಯ (ಕುಲದ ಮೂಲಮನೆಯ) ಕೈಮಡ, ಅಂದರೆ ಹಿರಿಯರ ಗುಡಿ, ಇದಕ್ಕೆ ಹೇಳಿ ಮಾಡಿಸಿದ ಜಾಗ. ಕಾರೋಣರಿಗೆ (ಗತಿಸಿದ ಕುಲದ ಹಿರಿಯರಿಗೆ) ಎಡೆ ಇಟ್ಟ ದಿನ ಐದು ನಿಮಿಷ ಹೆಚ್ಚು ನಿಂತು, ಇದೇ ಗದ್ದೆ ಉತ್ತವರು, ಇದೇ ಅಂಗಳದಲ್ಲಿ ನಡೆದವರು ಇವರು, ನಾಳೆ ಈ ಸಾಲಿನಲ್ಲಿ ನಾನು ಎಂದು ನೆನೆದರೆ ಸಾವಿಗೆ ಒಂಟಿತನ ಉಳಿಯುವುದಿಲ್ಲ. ಸಂಗಮದಲ್ಲೂ ಅಷ್ಟೇ: ಅನ್ನದ ಉಂಡೆ ನೀರು ಸೇರಿದೊಡನೆ ಸಡಿಲಾಗಿ ಬಿಚ್ಚಿಕೊಳ್ಳುತ್ತದೆ, ಕರಿ ಎಳ್ಳು ಚೆದುರಿ ಹೊರಟುಹೋಗುತ್ತದೆ. ಫೋಟೊ ತೆಗೆಯುವ ಗಡಿಬಿಡಿ ಬಿಟ್ಟು ಅದು ಪೂರ್ತಿ ಮರೆಯಾಗುವವರೆಗೆ ನೋಡಿ.

ಹೊಸದಾಗಿ ಮನೆಯವರನ್ನು ಕಳೆದುಕೊಂಡವರು, ಖಿನ್ನತೆ ಇರುವವರು, ಉಸಿರು ಗಮನಿಸಿದರೆ ಎದೆ ಡವಗುಟ್ಟುವವರು ಈ ಅಭ್ಯಾಸಕ್ಕೆ ಕೂರಬಾರದು. ಅವರಿಗೆ ಮೊದಲು ಬೇಕಾದದ್ದು ಜೊತೆಯ ಜನ ಮತ್ತು ವೈದ್ಯರು.

ಭಯದ ಒಂದು ಪಾಲು ಲೌಕಿಕದ್ದು. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಆಸ್ತಿಯ ಕಾಗದಪತ್ರ ಅರ್ಧಕ್ಕೆ ನಿಂತಿದ್ದರೆ ಧ್ಯಾನ ಏನು ಮಾಡೀತು? ಕುಳಿತು ಮುಗಿಸಬೇಕು. ಯಂತ್ರಗಳ ನಡುವೆ ಎಳೆದಾಡುವ ಸಾವಿಗೆ ಅಂಜುವವರು ತಮಗೆ ಯಾವ ಚಿಕಿತ್ಸೆ ಬೇಡ, ತಮ್ಮ ಪರವಾಗಿ ಯಾರು ತೀರ್ಮಾನಿಸಬೇಕು ಎಂದು ಮುಂಚೆಯೇ ಬರೆದಿಡಬಹುದು. 2018ರಲ್ಲಿ ಇದನ್ನು ಒಪ್ಪಿದ ಸುಪ್ರೀಂ ಕೋರ್ಟ್ 2023ರಲ್ಲಿ ವಿಧಾನವನ್ನು ಸರಳಗೊಳಿಸಿತು: ಇಬ್ಬರು ಸಾಕ್ಷಿಗಳ ಎದುರು ಸಹಿ, ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯ ದೃಢೀಕರಣ. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ ಈ ಕುರಿತು ಆದೇಶ ಹೊರಡಿಸಿದೆ.

ಇನ್ನು ಕೊನೆಯ ಗಳಿಗೆಯ ಮಾತು. ಉಸಿರು ಕೆಲವು ಕ್ಷಣ ನಿಂತು ಮತ್ತೆ ಹೊರಡುತ್ತದೆ, ಗಂಟಲಲ್ಲಿ ಗೊರಗೊರ ಸದ್ದಾಗುತ್ತದೆ, ಕೈಕಾಲು ತಣ್ಣಗಾಗುತ್ತವೆ. ಇವು ದೇಹ ಬೀಳ್ಕೊಳ್ಳುವ ರೀತಿ. ಆ ಸದ್ದು ಕೇಳುವವರಿಗೆ ಆಗುವಷ್ಟು ಸಂಕಟ ಮಲಗಿದವರಿಗೆ ಆಗುತ್ತಿರುವುದಿಲ್ಲ. ಒಂದು ಮಗ್ಗುಲಿಗೆ ತಿರುಗಿಸಿದರೆ ಸದ್ದು ತಗ್ಗೀತು. ಕಿವಿ ಇನ್ನೂ ಕೇಳುತ್ತಿರಬಹುದು, ಆದ್ದರಿಂದ ಗೋಳಾಟ ಬೇಡ. ಕೈ ಹಿಡಿದು ಅವರ ಇಷ್ಟದೇವರ ಹೆಸರನ್ನು ಮೆಲ್ಲಗೆ ಹೇಳುತ್ತಿರಿ. ಬಂದ ನೆಂಟರೆಲ್ಲ ಒಬ್ಬೊಬ್ಬರಾಗಿ ಚಮಚ ತುಂಬ ತೀರ್ಥ ಸುರಿಯುವ ಪದ್ಧತಿಯನ್ನಂತೂ ದಯವಿಟ್ಟು ನಿಲ್ಲಿಸಬೇಕು. ನುಂಗುವ ಶಕ್ತಿ ಹೋದವರಿಗೆ ಅದು ಶ್ವಾಸನಾಳಕ್ಕಿಳಿದು ಉಸಿರು ಕಟ್ಟಿಸುತ್ತದೆ. ಹತ್ತಿಯನ್ನು ತೀರ್ಥದಲ್ಲಿ ಅದ್ದಿ, ಹಿಂಡಿ, ತುಟಿಗೆ ಸವರಿ. ಒಣಗಿದಾಗ ಮತ್ತೊಮ್ಮೆ.

– ಓದುಗರು, ನಾಪೋಕ್ಲು