ಶನಿವಾರದ ಊಟಕ್ಕೆ ವೈನ್ ತರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಶನಿವಾರ ನಮ್ಮ ಅಟ್ಲಾಂಟಾ ಮನೆಯಲ್ಲಿ ಪಕ್ಕಾ ಇಲ್ಲಿಯದೇ ಅಡುಗೆ, ಅಮೆರಿಕದ ದಕ್ಷಿಣ ಸೀಮೆಯದು. ದಯವಿಟ್ಟು ಯಾರೂ ಒಗರು ಕೆಂಪು ವೈನ್ ಕ್ಯಾಬರ್ನೆ ತರಬೇಡಿ. ಹೋದ ಸಲ ನಾಲ್ಕು ಬಾಟಲಿ ಹಾಗೇ ಉಳಿದವು.

ಫ್ರೈಡ್ ಚಿಕನ್‌ಗೆ ಸ್ಪೇನಿನ ನೊರೆಯುಕ್ಕುವ ವೈನ್ ಕಾವಾ ಸಾಕು. ಅದರ ಹುಳಿ, ಗುಳ್ಳೆ ಎರಡೂ ಸೇರಿ ಎಣ್ಣೆ ಜಿಡ್ಡನ್ನು ನಾಲಿಗೆಯಿಂದ ತೊಳೆದುಬಿಡುತ್ತವೆ. 6–8 ಡಿಗ್ರಿ ಸೆಲ್ಸಿಯಸ್‌ಗೆ ತಣ್ಣಗಿರಲಿ. ಷಾಂಪೇನ್‌ಗೆ ದುಡ್ಡು ಸುರಿಯಬೇಡಿ! ಕಯೆನ್ ಮೆಣಸಿನ ಪುಡಿ ಧಾರಾಳವಾಗಿ ಹಾಕುತ್ತೇನೆ. ಆಲ್ಕೋಹಾಲ್ ಜಾಸ್ತಿಯಿದ್ದರೆ ಬಾಯಿ ಇನ್ನೂ ಉರಿಯುತ್ತದೆ, ಅದಕ್ಕೇ ತುಸು ಸಿಹಿಯಿರುವ ಜರ್ಮನ್ ಬಿಳಿ ವೈನ್ ರೀಸ್ಲಿಂಗ್ ಒಂದೆರಡು ಬಾಟಲಿ ಇರಲಿ. ಸಿಹಿ ಸಾಸ್ ಬಳಿದ ಪೋರ್ಕ್ ರಿಬ್ಸ್‌ಗೆ ಕೆಂಪು ವೈನ್ ಜಿನ್‌ಫಂಡೆಲ್.

ಸಸ್ಯಾಹಾರಿಗಳೇ, ಕಾಲರ್ಡ್ ಸೊಪ್ಪನ್ನು ಇಲ್ಲಿ ಹಂದಿಮಾಂಸದ ಜೊತೆ ಬೇಯಿಸುವುದು ರೂಢಿ. ನಿಮ್ಮ ಪಾತ್ರೆ ಬೇರೆಯೇ ಇಡುತ್ತೇನೆ. ಕಾರು ಓಡಿಸುವವರಿಗೆ ಸ್ವೀಟ್ ಟೀ.