ಹಣ್ಣು ಹುಳುವಿನ ಮೂರು ದಿನಕ್ಕೆ ಬೇಕಾದ ಯಂತ್ರ

ಮಾನ್ಯ ಸಂಪಾದಕರೇ,

ಸೋನೆ ಹಿಡಿದಾಗ ಹುಳುಮನೆಯ ಕಿಟಕಿಗಳನ್ನೆಲ್ಲ ತೆರೆದಿಡಬೇಕೆಂದು ನಾವು ರೇಷ್ಮೆ ಬೆಳೆಗಾರರು ಒಬ್ಬರಿಗೊಬ್ಬರು ಹೇಳಿಕೊಂಡು ಬಂದಿದ್ದೇವೆ. ಆ ಮಾತನ್ನು ನಂಬಿ 2021ರ ನವೆಂಬರ್ ಮಳೆಯಲ್ಲಿ ನಾನು ಒಂದು ಬೆಳೆಯ ಅರ್ಧ ಬೆಲೆ ಕಳೆದುಕೊಂಡೆ. ಹುಳು ಸಾಯಲಿಲ್ಲ, ಗೂಡೂ ಕಟ್ಟಿತು. ಆದರೆ ಮಾರುಕಟ್ಟೆಯಲ್ಲಿ ಗೂಡಿನ ನೂಲು ಬಿಚ್ಚುವ ರೀಲರ್ ಒಬ್ಬರು ಅದನ್ನು ಅಮುಕಿ ನೋಡಿ, ‘ಅಮ್ಮಾ, ಇದು ತೇವದಲ್ಲಿ ಕಟ್ಟಿದ ಗೂಡು, ಬಿಚ್ಚುವಾಗ ಎಳೆ ತುಂಡಾಗುತ್ತದೆ’ ಎಂದು ಮುಂದಕ್ಕೆ ಹೋದರು.

ಹೊರಗಿನ ಗಾಳಿಯೇ ನೀರುಂಡು ನಿಂತಿರುವಾಗ ಕಿಟಕಿ ತೆರೆದರೆ ಒಳಗೆ ಬರುವುದೂ ಅದೇ ಗಾಳಿ. ಫ್ಯಾನ್ ಹಾಕಿದರೆ ಅದೇ ತೇವ ಮನೆಯೊಳಗೆ ಸುತ್ತುತ್ತದೆ, ಅಷ್ಟೆ.

ಹಣ್ಣಾದ, ಎಂದರೆ ಗೂಡು ಕಟ್ಟಲು ಸಿದ್ಧವಾದ, ಹುಳು ಮೈ ತಿಳಿಯಾಗಿ ತಲೆ ಎತ್ತಿ ಆಡಿಸುತ್ತದೆ. ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಟ್ಟ ಮೇಲೆ, ನೂಲು ತೆಗೆಯುವ ಮುನ್ನ, ಮೈಯಲ್ಲಿರುವ ನೀರನ್ನು ಹೊರಹಾಕುತ್ತದೆ. ಸಾವಿರಾರು ಹುಳು ಒಟ್ಟಿಗೆ ಹೀಗೆ ಮಾಡಿದರೆ, ಕೆಳಗೆ ಹಾಸಿದ ಹಳೆಯ ಪತ್ರಿಕೆಗಳು ಬೆಳಗಾಗುವುದರೊಳಗೆ ನೆನೆದು, ಎತ್ತಿದರೆ ಕೈಯಲ್ಲೇ ಹರಿಯುತ್ತವೆ. ಆ ನೀರೆಲ್ಲ ಆವಿಯಾಗಿ ಸೇರುವುದು ಮನೆಯ ಗಾಳಿಗೇ. ಎಳೆಯ ಮೇಲಿನ ಅಂಟು ಬೇಗ ಆರದಿದ್ದರೆ ಒಂದು ಸುತ್ತು ಇನ್ನೊಂದಕ್ಕೆ ಬಿಗಿಯಾಗಿ ಹತ್ತಿಕೊಳ್ಳುತ್ತದೆ. ಚಾಕಿ ಹುಳುವಿಗೆ, ಎಂದರೆ ಎಳೆಯ ಹುಳುವಿಗೆ, ಶೇ 80ಕ್ಕೂ ಹೆಚ್ಚು ತೇವಾಂಶ ಹಿತ. ಗೂಡು ಕಟ್ಟುವಾಗ ಅದು ಶೇ 70 ದಾಟಬಾರದು.

ಬೆಂಗಳೂರಿನಲ್ಲಿ ಎ.ಸಿ. ರಿಪೇರಿ ಮಾಡುವ ನನ್ನ ತಮ್ಮ ಕಳೆದ ಅಕ್ಟೋಬರ್‌ನಲ್ಲಿ ಗಾಳಿಯ ತೇವ ಹೀರುವ ಒಂದು ಹಳೆಯ ಯಂತ್ರ, ಡಿಹ್ಯೂಮಿಡಿಫೈಯರ್, ತಂದುಕೊಟ್ಟ. ಔಷಧದ ಗೋದಾಮುಗಳಲ್ಲಿ ಇಂಥವನ್ನು ಇಡುತ್ತಾರಂತೆ. ‘ಅಕ್ಕಾ, ಎ.ಸಿ.ಯ ತಣ್ಣನೆಯ ಭಾಗ, ಬಿಸಿ ಭಾಗ ಎರಡೂ ಒಂದೇ ಪೆಟ್ಟಿಗೆಯಲ್ಲಿವೆ ಎಂದುಕೋ’ ಎಂದ. ಫ್ಯಾನ್ ಎಳೆದುಕೊಂಡ ಗಾಳಿ ಮೊದಲು ತಣ್ಣನೆಯ ಕೊಳವೆಗಳಿಗೆ ತಾಗಿ, ಫ್ರಿಜ್ಜಿನಿಂದ ತೆಗೆದ ಹಾಲಿನ ಪಾತ್ರೆಯ ಹೊರಮೈ ಬೆವರುವಂತೆ, ಅಲ್ಲಿ ನೀರಿಳಿಸುತ್ತದೆ. ಆಮೇಲೆ ಬಿಸಿ ಕೊಳವೆಗಳನ್ನು ಹಾದು ಒಣಗಿ ಹೊರಬರುತ್ತದೆ. ಕೋಣೆ ತುಸು ಬೆಚ್ಚಗಾಗುತ್ತದೆ. ಮಳೆಯ ಚಳಿಯಲ್ಲಿ ನಮಗೆ ಅದೂ ಬೇಕು, ಬೇಸಿಗೆಯಲ್ಲಿ ಬೇಡ. ಇದ್ದಿಲ ಒಲೆಯಿಟ್ಟು ಹುಳುವಿಗೂ ನಮಗೂ ಉಸಿರುಗಟ್ಟಿಸುವುದಕ್ಕಿಂತ ಇದು ಎಷ್ಟೋ ಮೇಲು.

ಅಂದು ಸಂಜೆ ತೇವಾಂಶ ಮಾಪಕ ಶೇ 88 ತೋರಿಸುತ್ತಿತ್ತು. ಕಿಟಕಿ ಮುಚ್ಚಿ ಯಂತ್ರ ಹಾಕಿದೆ. ಬೆಳಿಗ್ಗೆ ಶೇ 71. ಯಂತ್ರದ ಟ್ಯಾಂಕಿನಲ್ಲಿದ್ದ ನೀರು ಅರ್ಧ ಬಿಂದಿಗೆಗೂ ಹೆಚ್ಚಿತ್ತು. ಅಷ್ಟೂ ನೀರು ನನ್ನ ಗೂಡುಗಳ ಸುತ್ತ ಇದ್ದದ್ದು! ಬೆಳಿಗ್ಗೆ, ಸಂಜೆ ಅರ್ಧ ಗಂಟೆ ಮೇಲಿನ ಗವಾಕ್ಷಿಗಳನ್ನು ತೆರೆದು ಕೆಟ್ಟ ಗಾಳಿ ಹೊರಗೆ ಬಿಟ್ಟೆ. ಇದನ್ನು ಮರೆಯುವಂತಿಲ್ಲ, ಯಂತ್ರ ನೀರು ತೆಗೆಯುತ್ತದೆಯೇ ಹೊರತು ಹೊಸ ಗಾಳಿ ತರುವುದಿಲ್ಲ. ಆ ಬೆಳೆಯ ಗೂಡನ್ನು ರೀಲರ್‌ಗಳು ಮರುಮಾತಿಲ್ಲದೆ ಕೊಂಡರು.

ಹೊಸ ಯಂತ್ರ ಕೊಳ್ಳುವುದು ಅರ್ಧ ಎಕರೆ ಹಿಪ್ಪುನೇರಳೆ ಸೊಪ್ಪಿನ ಬೆಳೆಗಾರರಿಗೆ ಆಗದ ಮಾತು. ಆದರೆ ಒಂದು ಬೆಳೆಗೆ ಇದು ಬೇಕಾಗುವುದು ಹುಳು ನೂಲುವ ಎರಡು ಮೂರು ದಿನ ಮಾತ್ರ. ಉಳಿದ ದಿನ ಸುಮ್ಮನೆ ಮೂಲೆಯಲ್ಲಿರುತ್ತದೆ. ಟಿಲ್ಲರ್ ಬಾಡಿಗೆಗೆ ಸಿಗುವಂತೆ ಇದೂ ಊರಿಗೊಂದೆರಡು ಸಿಗುವ ಹಾಗೆ ರೇಷ್ಮೆ ಇಲಾಖೆ ಏರ್ಪಾಡು ಮಾಡಬೇಕೆಂಬುದು ನನ್ನ ವಿನಂತಿ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವಾಗ ಯಂತ್ರದ ಜೊತೆ ಸುಣ್ಣಕಟ್ಟು, ಗಂಟು ರೋಗದಂಥ ಹುಳುವಿನ ಕಾಯಿಲೆಗಳು ಹೋಗಬಾರದು. ಜಾಳಿಗೆ, ಟ್ಯಾಂಕು ಎರಡನ್ನೂ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆದು ಒಣಗಿಸದೆ ಯಾರಿಗೂ ಕೊಡಬಾರದು.

ನಮ್ಮ ಹುಳುಮನೆಯಲ್ಲಿ ಇದನ್ನು ನೋಡಬೇಕೆನ್ನುವ ಬೆಳೆಗಾರರು ಯಾರೇ ಬಂದರೂ ತೋರಿಸುತ್ತೇನೆ. ಚಂದ್ರಿಕೆಗೆ ಹುಳು ಬಿಟ್ಟ ದಿನವೇ ಬಂದರೆ ಇನ್ನೂ ಒಳ್ಳೆಯದು.

– ರೇಷ್ಮೆ ಬೆಳೆಗಾರ್ತಿ, ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ